ಕುಂಯ್‌ಗುಟ್ಟುವ ನಾಯಿ: ಗದರಿಸುವ ಮುನ್ನ

ನಾಯಿಮರಿ ಮನೆಗೆ ಬಂದ ಮೊದಲ ರಾತ್ರಿಯೇ ಸಲಹೆಗಳು ಶುರುವಾಗುತ್ತವೆ. ಅತ್ತರೆ ಅಳಲಿ, ನಾಲ್ಕು ದಿನಕ್ಕೆ ತಾನೇ ಸುಮ್ಮನಾಗುತ್ತದೆ ಎನ್ನುತ್ತಾರೆ ಕೆಲವರು. ಒಂದು ಸಲ ಜೋರಾಗಿ ಗದರಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ಎನ್ನುವವರೂ ಇದ್ದಾರೆ. ನಾಯಿಯ ಅಳು ಎಂದರೆ ಹಟ ಎಂಬ ಒಂದೇ ನಂಬಿಕೆ ಈ ಎರಡೂ ಮಾತುಗಳ ಬುಡದಲ್ಲಿದೆ. ಆದರೆ ಕಿವಿಗೆ ಒಂದೇ ಥರ ಕೇಳುವ ಆ ದನಿಗೆ ಕಾರಣಗಳು ಹಲವು. ಉಚ್ಚೆಗೆ ಅವಸರವಾದಾಗ, ಹೊಟ್ಟೆಯೋ ಕೀಲೋ ನೋಯುವಾಗ, ಊಟದ ತಟ್ಟೆ ಕಂಡಾಗ, ಒಂಟಿಯಾದಾಗ ನಾಯಿ ಕುಂಯ್‌ಗುಟ್ಟುತ್ತದೆ. ಮೊದಲ ಎರಡಕ್ಕೆ ತರಬೇತಿ ಬೇಕಿಲ್ಲ. ಬಾಗಿಲು ತೆರೆಯಬೇಕು ಅಥವಾ ಪಶುವೈದ್ಯರ ಬಳಿ ಹೋಗಬೇಕು. ತರಬೇತಿಗೆ ಉಳಿಯುವುದು ಬೇಡಿಕೆಯ ಅಳು ಮತ್ತು ಒಂಟಿತನದ ಅಳು. ಇವೆರಡಕ್ಕೂ ಒಂದೇ ಮದ್ದು ಹಾಕುವುದರಿಂದಲೇ ಬಹುಪಾಲು ಪ್ರಯತ್ನಗಳು ಸೋಲುತ್ತವೆ.

ಬೇಡಿಕೆಯ ಅಳು ಕಲಿತದ್ದು. ಫಲ ಕೊಟ್ಟ ವರ್ತನೆ ಮರುಕಳಿಸುತ್ತದೆ ಎಂಬುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಪೆಟ್ಟಿಗೆಯಲ್ಲಿ ಕೂಡಿಟ್ಟ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಪ್ರತಿ ಸಲವೂ ಸಿಗದೆ ಆಗೊಮ್ಮೆ ಈಗೊಮ್ಮೆ ಸಿಗುವ ಫಲ ಆ ವರ್ತನೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ ಎಂಬುದು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರವಾಗಿದೆ. ಮಟ್ಕಾ ಆಡುವವನು ಸೋಲುತ್ತಲೇ ಆಟ ಬಿಡದಿರುವುದೂ ಹೀಗೆಯೇ. ಮನೆಯಲ್ಲಿ ಮೂವರು ಬಿಗಿಯಾಗಿದ್ದು, ನಾಲ್ಕನೆಯವರು ಕನಿಕರದಿಂದ ಚಪಾತಿ ಚೂರು ಹಾಕಿದರೆ ನಾಯಿ ಕಲಿಯುವುದು ಇಷ್ಟೇ: ಇನ್ನೂ ಸ್ವಲ್ಪ ಹೊತ್ತು ಅಳಬೇಕು. ಇಲ್ಲಿ ಕಡೆಗಣಿಸುವುದು ಸರಿಯಾದ ದಾರಿ, ಆದರೆ ಮನೆಮಂದಿಯೆಲ್ಲ ಒಮ್ಮತದಿಂದ ಹಿಡಿಯಬೇಕಾದ ದಾರಿ. ಫಲ ನಿಂತ ಹೊಸದರಲ್ಲಿ ಅಳು ತಗ್ಗುವ ಬದಲು ಜೋರಾಗುವುದು ಸಹಜ. ಆ ಘಳಿಗೆಯಲ್ಲಿ ಸೋತು ಕೊಟ್ಟರೆ ಜೋರಿನ ಅಳುವಿಗೇ ಬಹುಮಾನ ಸಿಕ್ಕಂತಾಗುತ್ತದೆ. ಬರೀ ಕಡೆಗಣಿಸಿದರೂ ಸಾಲದು. ಚಾಪೆಯ ಮೇಲೆ ಸುಮ್ಮನೆ ಕೂತ ಕ್ಷಣವನ್ನು ಗಮನಿಸಿ ಆಗಲೇ ತಿನಿಸು ಕೊಟ್ಟರೆ, ಬೇಡುವುದಕ್ಕೆ ಬೇರೊಂದು ರೀತಿ ಇದೆ ಎಂದು ನಾಯಿಗೆ ತಿಳಿಯುತ್ತದೆ.

ಒಂಟಿತನದ ಅಳುವಿನ ಬೇರು ಬೇರೆ. ಅಮೆರಿಕದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಅವರ ಸಹೋದ್ಯೋಗಿಗಳು ಮರಿಗಳನ್ನು ಅಪರಿಚಿತ ಜಾಗದಲ್ಲಿ ಒಂಟಿಯಾಗಿ ಬಿಟ್ಟು ಅವುಗಳ ಕೂಗನ್ನು ಎಣಿಸಿದ್ದರು. 1977ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನ ಮೂರು ತಳಿಗಳ ಮರಿಗಳಿಗೆ ಏನು ಕೊಟ್ಟರೆ ಅಳು ತಗ್ಗುತ್ತದೆ ಎಂದು ನೋಡಿತು. ಪರಿಚಿತ ಆಹಾರದಿಂದ ಹೆಚ್ಚೇನೂ ಆಗಲಿಲ್ಲ. ಮನುಷ್ಯರ ಸಾಮೀಪ್ಯ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮರುವರ್ಷ ಯಾಕ್ ಪ್ಯಾಂಕ್‌ಸೆಪ್ ತಂಡ ಅತಿ ಕಡಿಮೆ ಪ್ರಮಾಣದ ಮಾರ್ಫಿನ್ ಮರಿಗಳ ಅಗಲಿಕೆಯ ಅಳುವನ್ನು ಇಳಿಸುತ್ತದೆ ಎಂದು ವರದಿ ಮಾಡಿತು. ನೋವು ಶಮನ ಮಾಡುವ ಮದ್ದು ಒಂಟಿತನದ ಅಳುವನ್ನೂ ತಗ್ಗಿಸಬಲ್ಲದು ಎಂದರೆ, ಆ ಅಳು ಲೆಕ್ಕಾಚಾರದ ನಾಟಕವಲ್ಲ, ದೇಹದೊಳಗಿನ ಸಂಕಟ ಎಂದೇ ತಿಳಿಯಬೇಕು. ಸಂಕಟವನ್ನು ಕಡೆಗಣಿಸಿದರೆ ಅದು ಕರಗುವುದಿಲ್ಲ.

ಓಗೊಟ್ಟರೆ ಅದೇ ರೂಢಿಯಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರ ಇರುವುದು ಅನುಕ್ರಮದಲ್ಲಿ: ಅಳು ಬಂದ ಮೇಲೆ ಓಡಿಬರುವುದಕ್ಕಿಂತ, ಅಳು ಬರುವ ಮೊದಲೇ ಮರಳುವುದು. ಮೊದಲ ರಾತ್ರಿಗಳಲ್ಲಿ ಮರಿಯ ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲಿರಲಿ. ನಂತರ ದಿನಕ್ಕಿಷ್ಟು ದೂರ ಸರಿಸಿ. ಹಗಲಲ್ಲಿ ಬಾಗಿಲಾಚೆ ಕೆಲವೇ ಸೆಕೆಂಡು ನಿಂತು ಬನ್ನಿ, ಅದು ನಿರಾಳವಾಗಿದ್ದರೆ ಮಾತ್ರ ಹೊತ್ತನ್ನು ಹೆಚ್ಚಿಸಿ. ಚಪ್ಪಲಿ ಮೆಟ್ಟಿ, ಬೀಗದ ಕೈ ಹಿಡಿದು ಹೊರಗೆ ಹೋಗದೆ ಕೂತರೆ ಆ ಸದ್ದುಗಳ ಭಯವೂ ಕಳೆಯುತ್ತದೆ. ಅಳು ಬಂದರೆ ಹೆಜ್ಜೆ ದೊಡ್ಡದಾಯಿತು ಎಂದರ್ಥ. ಮುಂದಿನ ಸಲ ಚಿಕ್ಕದಾಗಿಸಬೇಕು.

ಅಳಲು ಬಿಟ್ಟ ಎಷ್ಟೋ ಮರಿಗಳು ಸುಮ್ಮನಾಗಿವೆಯಲ್ಲ ಎಂದು ಕೇಳಬಹುದು. ನಿಜ, ಆದರೆ ಸ್ಕಾಟ್ ತಂಡದ ಎಣಿಕೆಯಲ್ಲಿ ಈ ಕೂಗು ಆರೇಳು ವಾರದ ವಯಸ್ಸಿನಲ್ಲಿ ಏರಿ, ಆಮೇಲೆ ಇಳಿಯುತ್ತದೆ. ಬಹುಪಾಲು ಮರಿಗಳು ಹೊಸ ಮನೆ ಸೇರುವುದು ಆ ಇಳಿಕೆಯ ಹೊತ್ತಿಗೇ. ವಯಸ್ಸು ಮಾಡಿದ ಕೆಲಸದ ಕೀರ್ತಿ ಸಲಹೆಗೆ ಸಲ್ಲುತ್ತದೆ. ಗದರಿಕೆ ಮತ್ತು ಬೊಗಳಿದರೆ ಶಾಕ್ ಕೊಡುವ ಕೊರಳಪಟ್ಟಿ ಸದ್ದನ್ನು ಅಡಗಿಸಬಲ್ಲವು. ಆದರೆ ಸಂಕಟ ಜೊಲ್ಲು ಸುರಿಸುವುದರಲ್ಲಿ, ಬಾಗಿಲು ಕೆರೆಯುವುದರಲ್ಲಿ ಹೊರಬರುತ್ತದೆ. ಅಪಾರ್ಟ್‌ಮೆಂಟಿನ ನೆರೆಯವರು ಅಷ್ಟು ದಿನ ಕಾಯುತ್ತಾರೆಯೇ ಎಂಬ ಪ್ರಶ್ನೆಯೂ ಇದೆ. ತರಬೇತಿ ಮುಗಿಯುವವರೆಗೆ ನಾಯಿಯ ಜೊತೆ ಯಾರಾದರೂ ಇರುವಂತೆ ನೋಡಿಕೊಳ್ಳುವುದೇ ಅದಕ್ಕೆ ಪರಿಹಾರ. ತೀವ್ರ ಸಮಸ್ಯೆಗೆ ಔಷಧವೂ ಉಂಟು. ಕ್ಲೊಮಿಪ್ರಮಿನ್‌ಗೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿದೆ, ಅದೂ ತರಬೇತಿಯ ಜೊತೆಗೆ ಕೊಡಲೆಂದು. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಕ್ರೌರ್ಯ. ಹಾಗೆ ಬಿಟ್ಟ ನಾಯಿಯ ಅಳುವಿಗೆ ತರಬೇತಿ ಬೇಕಿರುವುದು ಒಡೆಯನಿಗೆ.

ಹಾಗಾಗಿ ಒಂದು ವಾರ ಏನನ್ನೂ ಬದಲಿಸದೆ, ಅಳು ಬಂದ ಹೊತ್ತು, ಅದಕ್ಕೆ ಮುಂಚೆ ಆದದ್ದು, ನಂತರ ನಾಯಿಗೆ ಸಿಕ್ಕಿದ್ದು ಈ ಮೂರನ್ನು ಬರೆದಿಡಿ. ಮೂರನೆಯ ಕಾಲಂನಲ್ಲಿ ತಿನಿಸು, ಆಟ ತುಂಬಿದ್ದರೆ ಅದು ಬೇಡಿಕೆ. ಯಾರೂ ಇಲ್ಲದ ಹೊತ್ತಿಗೇ ಅಳು ಬೀಳುತ್ತಿದ್ದರೆ ಅದು ಒಂಟಿತನ. ಯಾವ ಕ್ರಮವೂ ಕಾಣದೆ, ಅದರಲ್ಲೂ ವಯಸ್ಸಾದ ನಾಯಿಯಲ್ಲಿ ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ವಾರ ಮುಗಿಯುವ ತನಕವೂ ಕಾಯದೆ ಪಶುವೈದ್ಯರಿಗೆ ತೋರಿಸಿ.