ಕಡಲು ಕಟ್ಟಿದ ಏಣು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಡವ್ ನದಿ ಇನ್ನೂ ಹಳ್ಳದಷ್ಟೇ ಇರುವ ಕಡೆ, ಪಾರ್ಕ್‌ಹೌಸ್ ಮತ್ತು ಕ್ರೋಮ್ ಎಂಬ ಎರಡು ಸುಣ್ಣಕಲ್ಲಿನ ಗುಡ್ಡಗಳು ಅಕ್ಕಪಕ್ಕ ನಿಂತಿವೆ. ಎತ್ತರ ಹೆಚ್ಚೇನಿಲ್ಲ: ಕ್ರೋಮ್ 425 ಮೀಟರ್, ಪಾರ್ಕ್‌ಹೌಸ್ ಅದಕ್ಕಿಂತ ಗಿಡ್ಡ. ಆದರೆ ಎರಡರ ನೆತ್ತಿಯೂ ಕಿರಿದಾದ ಏಣು. ಅಲ್ಲಲ್ಲಿ ಬಂಡೆಗೆ ಕೈಯೂರಿಯೇ ಏರಬೇಕು. ಒಂದೇ ದಿನದಲ್ಲಿ ಎರಡನ್ನೂ ಹತ್ತಿ ಇಳಿಯಬಹುದು. ಹತ್ತುವವರು ದಾರಿಯ ಜೊತೆಗೆ ಇಳಿಜಾರನ್ನೂ ನೋಡಬೇಕು, ಏಕೆಂದರೆ ಅದರ ಆಕಾರ ಬಹುಮಟ್ಟಿಗೆ ಕಡಲ ತಳದಲ್ಲೇ ಮೂಡಿದ್ದು.

ಸುಮಾರು 33 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರವಿತ್ತು. ಮೇಲೆ ಬೆಚ್ಚಗಿನ, ಆಳವಿಲ್ಲದ ಕಡಲು. ಆ ಕಡಲು ಆಳಕ್ಕಿಳಿಯುವ ಅಂಚಿನಲ್ಲಿ ಸುಣ್ಣದ ಕೆಸರು ದಿಬ್ಬಗಟ್ಟಿತು. ಕಡಲ ದಿಬ್ಬವೆಂದರೆ ನಮಗೆ ಹವಳವೇ ನೆನಪಾಗುತ್ತದೆ. ಇಲ್ಲಿ ಹವಳದ ಪಾಲು ಕಡಿಮೆ, ಕೆಸರನ್ನು ಹಿಡಿದಿಟ್ಟು ಗಟ್ಟಿಮಾಡಿದ್ದು ಮುಖ್ಯವಾಗಿ ಸೂಕ್ಷ್ಮಜೀವಿಗಳು. ಕಣ್ಣಿಗೆ ಕಾಣದ ಜೀವಿಗಳು ಗುಡ್ಡವನ್ನೇ ಕಟ್ಟಿದ ಈ ಸಂಗತಿ ನನಗೆ ಶಿಖರದ ನೋಟಕ್ಕಿಂತ ದೊಡ್ಡದು. ದಿಬ್ಬದ ಮೇಲೆ ಬದುಕಿದ್ದ ಚಿಪ್ಪುಜೀವಿಗಳ ಗುರುತು, ಕ್ರಿನಾಯ್ಡ್ ಎಂಬ ಕಡಲಜೀವಿಯ ಕಾಂಡದ ಗುಂಡಿಯಂಥ ಬಿಲ್ಲೆಗಳು ಈಗಲೂ ಕಲ್ಲಿನಲ್ಲಿ ಸಿಗುತ್ತವೆ.

ಆಮೇಲೆ ನದಿಗಳು ತಂದ ಕೆಸರು ದಿಬ್ಬಗಳನ್ನು ಹೂತು ಜೇಡುಶಿಲೆಯಾಯಿತು. ಬಹುಕಾಲದ ನಂತರ ನೆಲ ಮೇಲೆದ್ದು ಸವೆಯತೊಡಗಿದಾಗ, ಮೆದು ಜೇಡುಶಿಲೆ ಮೊದಲು ಕೊಚ್ಚಿಹೋಯಿತು. ಒಳಗಿದ್ದ ಸುಣ್ಣಕಲ್ಲು ಹೆಚ್ಚುಕಡಿಮೆ ಹಳೆಯ ರೂಪದಲ್ಲೇ ಹೊರಬಿತ್ತು. ಮೇಲೆ ಬಿದ್ದ ಮಳೆನೀರು ಬಿರುಕುಗಳಲ್ಲಿ ಇಂಗಿಹೋಗುವುದರಿಂದ ಏಣಿನ ಮೇಲೆ ತೊರೆಗಳಿಲ್ಲ. ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಬೆರೆತು ತುಸು ಆಮ್ಲೀಯವಾದ ಆ ನೀರು ಬಿರುಕುಗಳನ್ನು ಕರಗಿಸುತ್ತ ಅಗಲಿಸುತ್ತದೆ.

ಹತ್ತುವವರಿಗೆ ತಿಳಿದಿರಬೇಕಾದ ಇನ್ನೊಂದು ಗುಣವಿದೆ. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಗಡಸುತನದ ಮೋಸ್ ಮಾಪಕದಲ್ಲಿ ಅದರ ಸ್ಥಾನ 3. ಕಣಿವೆಯಾಚೆಯ ಹಾಲಿನ್ಸ್ ಗುಡ್ಡದ ಒರಟು ಮರಳುಗಲ್ಲಿನಲ್ಲಿರುವ ಬೆಣಚಿನದು 7. ಬೆಣಚಿನ ಹರಳುಗಳು ಸುಲಭಕ್ಕೆ ಸವೆಯದೆ ಬೂಟಿಗೆ ಹಿಡಿತ ಕೊಡುತ್ತವೆ. ಕ್ಯಾಲ್ಸೈಟ್ ಮಾತ್ರ ಸಾವಿರಾರು ಬೂಟುಗಳ ಉಜ್ಜಾಟಕ್ಕೆ ನುಣುಪಾಗುತ್ತದೆ, ಒದ್ದೆಯಾದರೆ ಜಾರುತ್ತದೆ. ಹೆಚ್ಚು ಜನ ಕಾಲಿಟ್ಟ ಮೆಟ್ಟಿಲೇ ಹೆಚ್ಚು ಅಪಾಯದ್ದು. ಮಳೆ ಬಿದ್ದ ದಿನ ಪಾರ್ಕ್‌ಹೌಸ್‌ನ ಏಣನ್ನು ಬಿಟ್ಟು ಕಣಿವೆಯ ರಸ್ತೆಯಲ್ಲೇ ನಡೆಯುವುದು ಒಳ್ಳೆಯದು. ದಿಬ್ಬದ ಪೂರ್ತಿ ಆಕಾರ ಕಾಣುವುದೂ ಅಲ್ಲಿಂದಲೇ.