ಇಎಸ್‌ಆರ್ ಏರಿದಾಗ ಹಿಮೋಗ್ಲೋಬಿನ್ ಕಡೆಗೂ ನೋಡಿ

ಸೋಂಕಿಗೋ ಗಾಯಕ್ಕೋ ದೇಹ ಒಡ್ಡುವ ರಕ್ಷಣಾತ್ಮಕ ಪ್ರತಿಕ್ರಿಯೆಗೆ ಉರಿಯೂತ ಎಂದು ಹೆಸರು. ಅದರ ಸುಳಿವನ್ನು ರಕ್ತಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ನೀಡುವ ಅಂಕಿಗಳೆಂದರೆ ಇಎಸ್‌ಆರ್ ಮತ್ತು ಸಿಆರ್‌ಪಿ. ಇವು ಉರಿಯೂತದ ಇರವನ್ನು ಸೂಚಿಸಬಲ್ಲವೇ ಹೊರತು ಅದು ಎಲ್ಲಿದೆ, ಯಾವ ಕಾರಣಕ್ಕೆ ಉಂಟಾಗಿದೆ ಎಂಬುದನ್ನು ಹೇಳಲಾರವು. ಅದರಲ್ಲೂ ರಕ್ತಹೀನತೆ ವ್ಯಾಪಕವಾಗಿರುವ ಭಾರತದಲ್ಲಿ ಇಎಸ್‌ಆರ್ ಅಂಕಿಯನ್ನು ಬಿಡಿಯಾಗಿ ನಂಬುವಂತಿಲ್ಲ.

ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗವೇ ಇಎಸ್‌ಆರ್. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಮಿಲಿಮೀಟರ್ ಗೆರೆಗಳಿರುವ ತೆಳು ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸಿದರೆ, ಕಣಗಳು ನಿಧಾನವಾಗಿ ಕೆಳಗಿಳಿದು ಮೇಲೆ ತಿಳಿಹಳದಿ ಪ್ಲಾಸ್ಮಾ ಉಳಿಯುತ್ತದೆ. ಒಂದು ಗಂಟೆಯ ಕೊನೆಗೆ ಆ ಹಳದಿ ಭಾಗ ಎಷ್ಟು ಮಿಲಿಮೀಟರ್ ಇದೆಯೋ ಅದೇ ವರದಿಯ ಅಂಕಿ. ಸ್ವೀಡನ್ನಿನ ವೈದ್ಯ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಪ್ರಕಟಿಸಿದ ಈ ವಿಧಾನವೇ ಇಂದಿಗೂ ಅಳತೆಗೋಲಾಗಿದೆ. ಕೆಂಪುಕಣಗಳ ಮೇಲ್ಮೈಯಲ್ಲಿರುವ ಋಣ ವಿದ್ಯುದಂಶ ಅವು ಒಂದನ್ನೊಂದು ದೂರ ತಳ್ಳುವಂತೆ ಮಾಡುತ್ತದೆ; ಉರಿಯೂತವಾದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಫೈಬ್ರಿನೋಜನ್ ಎಂಬ ಪ್ರೋಟೀನು ಈ ತಳ್ಳಾಟವನ್ನು ತಗ್ಗಿಸುವುದರಿಂದ, ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ.

ತೊಡಕಿರುವುದು ಮುಂದೆ. ರಕ್ತಹೀನತೆಯಿಂದ ಕಣಗಳ ಪ್ರಮಾಣ ತಗ್ಗಿದ್ದಾಗಲೂ ಅವು ಬೇಗನೆ ಇಳಿಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥವರ ವರದಿಯಲ್ಲಿ ಇಎಸ್‌ಆರ್ 40 ಎಂದಿದ್ದರೆ ಮೊದಲು ಗಮನಿಸಬೇಕಾದದ್ದು ಅದೇ ಹಾಳೆಯಲ್ಲಿರುವ ಹಿಮೋಗ್ಲೋಬಿನ್ ಅಂಕಿಯನ್ನು. ಗರ್ಭಿಣಿಯರಲ್ಲಿಯೂ ವಯಸ್ಸಾದವರಲ್ಲಿಯೂ ಇಎಸ್‌ಆರ್ ರೋಗವಿಲ್ಲದೆಯೇ ಏರಿರಬಹುದು.

ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ಇದಕ್ಕಿಂತ ಚುರುಕು. ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು 1930ರಲ್ಲಿ ಗುರುತಿಸಿದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್. ಉರಿಯೂತ ಆರಂಭವಾದ ಕೆಲವೇ ಗಂಟೆಗಳಲ್ಲಿ ಏರತೊಡಗುವ ಇದು, ಕಾರಣ ನಿವಾರಣೆಯಾದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಎಸ್‌ಆರ್ ಇಳಿಯಲು ವಾರಗಳೇ ಬೇಕಾಗುವುದರಿಂದ, ಜ್ವರ ಬಿಟ್ಟ ಮೇಲೂ ಅದು ಹೆಚ್ಚಾಗಿಯೇ ಇರುವುದು ಸಹಜ. ಸಿಆರ್‌ಪಿಯನ್ನು ಕೆಲವು ಲ್ಯಾಬ್‌ಗಳು ಲೀಟರಿಗೆ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಮುದ್ರಿಸುತ್ತವೆ. ಎರಡರ ನಡುವೆ ಹತ್ತುಪಟ್ಟು ಅಂತರವಿರುವುದರಿಂದ ಹಳೆಯ ವರದಿಯೊಂದಿಗೆ ಹೋಲಿಸುವಾಗ ಈ ಮಾನವನ್ನು ನೋಡಲೇಬೇಕು.

ರಕ್ತಹೀನತೆಯ ಕಾರಣ ಹುಡುಕುವಾಗಲೂ ಎಚ್ಚರ ಬೇಕು: ಕಬ್ಬಿಣಾಂಶದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಕೂಡ ಉರಿಯೂತದಲ್ಲಿ ಏರುವುದರಿಂದ, ಅದು ಸಹಜ ಮಟ್ಟದಲ್ಲಿದ್ದ ಮಾತ್ರಕ್ಕೆ ಕಬ್ಬಿಣಾಂಶದ ಕೊರತೆಯಿಲ್ಲವೆಂದು ಹೇಳಲಾಗದು.

ಜ್ವರ, ತೂಕ ಇಳಿಕೆ, ಬೆಳಗಿನ ಕೀಲುಬಿಗಿತ, ಐವತ್ತು ದಾಟಿದವರಲ್ಲಿ ಹೊಸದಾಗಿ ಶುರುವಾದ ತಲೆನೋವು ಇವುಗಳೊಂದಿಗೆ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಯಾವ ತೊಂದರೆಯೂ ಇಲ್ಲದವರು ಇಎಸ್‌ಆರ್ ಏರಿದೆಯೆಂಬ ಒಂದೇ ಕಾರಣಕ್ಕೆ ಔಷಧಿ ಅಂಗಡಿಯಿಂದ ತಾವಾಗಿ ಆ್ಯಂಟಿಬಯಾಟಿಕ್ ತಂದು ನುಂಗದೆ, ವರದಿಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಕೆಲವು ವಾರಗಳ ನಂತರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲಿ.