ಅನಿಲ ಕೊರಡು

ಅನಿಲ ಕೊರಡು ಅಥವಾ ಗ್ಯಾಸ್ ಲಾಗ್ ಎಂಬುದು ಗೋಡೆಯಲ್ಲಿ ಕಟ್ಟಿದ ಅಗ್ಗಿಷ್ಟಿಕೆಯೊಳಗೆ ಸೌದೆಯ ಬದಲಿಗೆ ಇಡುವ, ಅನಿಲದಿಂದ ಉರಿಯುವ ಸಾಧನ. ಮರದ ತುಂಡುಗಳಂತೆ ಕಾಣುವ ಅದರ ಕೊರಡುಗಳು ಸ್ವತಃ ಉರಿಯುವುದಿಲ್ಲ. ಅವನ್ನು ಸೆರಾಮಿಕ್ ನಾರಿನಿಂದ ಅಥವಾ ಹೆಚ್ಚಿನ ಶಾಖವನ್ನು ತಾಳುವ ಕಾಂಕ್ರೀಟಿನಿಂದ ಅಚ್ಚಿನಲ್ಲಿ ಎರಕ ಹೊಯ್ದು, ಬಣ್ಣ ಕೊಟ್ಟಿರುತ್ತಾರೆ. ಉರಿಯುವುದು ಅವುಗಳ ಅಡಿಯಲ್ಲಿ ಅಡಗಿರುವ ಬರ್ನರ್. ಉತ್ತರ ಅಮೆರಿಕದಲ್ಲಿ ಇದರ ಬಳಕೆ ಹೆಚ್ಚು. ಕರ್ನಾಟಕದಲ್ಲಿ ಇದು ಅಪರೂಪವಾದರೂ, ಬ್ರಿಟಿಷರ ಕಾಲದ ಬಂಗಲೆಗಳು ಉಳಿದಿರುವ ಕೋಲಾರ ಚಿನ್ನದ ಗಣಿ, ಬೆಂಗಳೂರಿನ ದಂಡು ಪ್ರದೇಶ, ಕೊಡಗು ಹಾಗೂ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಳೆಯ ಅಗ್ಗಿಷ್ಟಿಕೆಯನ್ನು ಮತ್ತೆ ಬಳಸಬೇಕೆನ್ನುವವರಿಗೆ ಇದರ ಪರಿಚಯ ಅಗತ್ಯವಾಗುತ್ತದೆ. ಮಾರಾಟಗಾರರು ಕೊರಡಿನ ಅಂದವನ್ನೇ ಮುಂದಿಟ್ಟರೂ, ಆಯ್ಕೆಯನ್ನು ನಿಜವಾಗಿ ನಿರ್ಧರಿಸುವ ಸಂಗತಿಗಳು ಎರಡು: ಚಿಮಣಿ ತೆರೆದಿದೆಯೇ ಎಂಬುದು ಮತ್ತು ಅನಿಲ ಎಲ್ಲಿಂದ ಬರುತ್ತದೆ ಎಂಬುದು.

ಕೋಲಾರ ಚಿನ್ನದ ಗಣಿಯಲ್ಲಿ ಅಗ್ಗಿಷ್ಟಿಕೆ

ಕನ್ನಡದಲ್ಲಿ ಅಗ್ಗಿಷ್ಟಿಕೆ ಎಂದರೆ ಮೂಲತಃ ಕೆಂಡವನ್ನು ತುಂಬಿಡುವ ಪಾತ್ರೆ. ಬಾಣಂತಿ ಮತ್ತು ಹಸುಗೂಸನ್ನು ಬೆಚ್ಚಗಿಡಲು ಕೋಣೆಯಲ್ಲಿ ಇಡುತ್ತಿದ್ದುದು ಇದನ್ನೇ. ಕನ್ನಡ, ತೆಲುಗು, ತಮಿಳು ಬೆರೆತ ಕೋಲಾರ ಸೀಮೆಯಲ್ಲಿ ಕುಂಪಟಿ ಎಂಬ ಮಾತೂ ಉಂಟು. ಗೋಡೆಯೊಳಗೆ ಗೂಡು ಮಾಡಿ, ಹೊಗೆಯನ್ನು ಸೂರಿನ ಮೇಲಕ್ಕೆ ಕೊಂಡೊಯ್ಯುವ ಏರ್ಪಾಡು ಇಲ್ಲಿಯದಲ್ಲ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಬಳಿಕ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಮೊದಲಾದ ಕಡೆ ಇಂಗ್ಲಿಷ್ ಅಧಿಕಾರಿಗಳೂ ಕಾರ್ನ್‌ವಾಲ್‌ನ ಗಣಿ ಕಸುಬುದಾರರೂ ನೆಲೆಸಿದರು. ತಮ್ಮ ನಾಡಿನ ಮನೆಗಳ ರೂಢಿಯನ್ನೂ ಅವರು ಜೊತೆಯಲ್ಲಿ ತಂದರು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಊರಿನಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು ತಂಪಾಗಿರುತ್ತವೆಯೇ ಹೊರತು, ಇಂಗ್ಲೆಂಡಿನ ಚಳಿಗಾಲಕ್ಕೆ ಹೋಲಿಸುವಂತಿಲ್ಲ. ಬಂಗಲೆಗಳಲ್ಲಿ ಅಗ್ಗಿಷ್ಟಿಕೆ ಕಟ್ಟಿಸಿದ್ದಕ್ಕೆ ಹವೆಗಿಂತ ಅಭ್ಯಾಸವೇ ಹೆಚ್ಚಿನ ಕಾರಣವೆನ್ನಬಹುದು. ಗಣಿ ಕಾರ್ಮಿಕರ ಲೈನು ಮನೆಗಳ ಕಥೆಯೇ ಬೇರೆ. ಬಿದಿರು ತಟ್ಟಿಯ ಆ ಇಕ್ಕಟ್ಟಾದ ಗುಡಿಸಲುಗಳಲ್ಲಿ ಅಡುಗೆಯ ಒಲೆಯೇ ಚಳಿಕಾಯಿಸುವ ಬೆಂಕಿಯೂ ಆಗಿತ್ತು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಸೇರಿದವು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಹಲವು ಬಂಗಲೆಗಳು ಪಾಳುಬಿದ್ದವು. ವಾಸಕ್ಕಿರುವ ಹಳೆಯ ಮನೆಗಳಲ್ಲಿಯೂ ಅಗ್ಗಿಷ್ಟಿಕೆ ಹಲವೆಡೆ ಫೋಟೋ ಇಡುವ ಗೂಡಾಗಿದೆ. ಇಂತಹ ಚಿಮಣಿಯ ಬಾಯನ್ನು ಮಳೆನೀರು ಇಳಿಯದಂತೆ ಇಟ್ಟಿಗೆಯಿಂದ ಮುಚ್ಚಿರಬಹುದು. ತೆರೆದೇ ಇದ್ದರೆ ಪಾರಿವಾಳ ಅಥವಾ ಜೇನು ಗೂಡು ಕಟ್ಟಿರಬಹುದು. ಮನೆ ಇನ್ನೂ ಸಂಸ್ಥೆಯ ಒಡೆತನದಲ್ಲಿದ್ದರೆ, ಗೋಡೆ ಮತ್ತು ಚಿಮಣಿಯನ್ನು ಮುಟ್ಟುವ ಮುನ್ನ ಅನುಮತಿ ಪಡೆಯಬೇಕಾಗುತ್ತದೆ.

ಚಿಮಣಿ ಮತ್ತು ಕೊರಡಿನ ಬಗೆಗಳು

ಅನಿಲ ಕೊರಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚಿಮಣಿ ಸಹಿತ ಬಗೆಯಲ್ಲಿ ಜ್ವಾಲೆ ಹಳದಿಯಾಗಿ, ಎತ್ತರವಾಗಿ ಸೌದೆಯ ಬೆಂಕಿಯಂತೆಯೇ ಕಾಣುತ್ತದೆ. ಹಳದಿ ಜ್ವಾಲೆಯೆಂದರೆ ಅನಿಲಕ್ಕೆ ಮೊದಲೇ ಸಾಕಷ್ಟು ಗಾಳಿ ಬೆರೆತಿಲ್ಲವೆಂದು ಅರ್ಥ. ಆದ್ದರಿಂದ ಇದರಲ್ಲಿ ಮಸಿಯೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತವೆ. ಅವು ಚಿಮಣಿಯ ಮೂಲಕ ಹೊರಹೋಗಲೇಬೇಕು. ಅವುಗಳೊಂದಿಗೆ ಶಾಖದ ಬಹುಪಾಲೂ ಹೊರಟುಹೋಗುತ್ತದೆ. ಚಿಮಣಿ ರಹಿತ ಬಗೆಯಲ್ಲಿ ಜ್ವಾಲೆ ಚಿಕ್ಕದು, ದಹನ ಹೆಚ್ಚು ಪೂರ್ಣವಾದುದು. ಶಾಖವೆಲ್ಲ ಕೋಣೆಯಲ್ಲೇ ಉಳಿಯುತ್ತದೆ, ಆದರೆ ಉರಿದುದರ ಶೇಷವೂ ಅಲ್ಲೇ ಉಳಿಯುತ್ತದೆ.

ಈ ಶೇಷ ಅಲ್ಪವಲ್ಲ. ಒಂದು ಕಿಲೋಗ್ರಾಂ ಅಡುಗೆ ಅನಿಲ ಉರಿದರೆ ಸುಮಾರು 3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು ಒಂದೂವರೆ ಕಿಲೋಗ್ರಾಂಗೂ ಮಿಕ್ಕಿ ನೀರಾವಿ ಉಂಟಾಗುತ್ತದೆ. ಅದಕ್ಕೆ ಬೇಕಾಗುವ ಗಾಳಿ ಸುಮಾರು 12 ಘನಮೀಟರ್. ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕುಗ್ಗುತ್ತಾ ಹೋದಂತೆ ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕೂಡಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಮಲಗಿದವರಿಗೆ ಇವು ತಿಳಿಯುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕುಂಪಟಿ ಇಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋಗುವುದಕ್ಕೂ ಇದೇ ಕಾರಣ. ಆದ್ದರಿಂದ ಚಿಮಣಿ ರಹಿತ ಕೊರಡುಗಳಲ್ಲಿ ಆಮ್ಲಜನಕ ಶೇಕಡಾ 18ರ ಆಸುಪಾಸಿಗೆ ಇಳಿದೊಡನೆ ಅನಿಲವನ್ನು ತಡೆಯುವ ಸಂವೇದಕ ಇರುತ್ತದೆ. ಹಾಗಿದ್ದರೂ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ವಾಸದ ಮನೆಗಳಲ್ಲಿ ಚಿಮಣಿ ರಹಿತ ಅನಿಲ ಹೀಟರುಗಳನ್ನು ನಿಷೇಧಿಸಿದೆ. ಮಲಗುವ ಕೋಣೆಗೆ ಈ ಬಗೆ ತಕ್ಕುದಲ್ಲ.

ಹಳೆಯ ಬಂಗಲೆಯಲ್ಲಿ ಚಿಮಣಿ ಸಹಿತ ಕೊರಡನ್ನು ಇಡುವುದಾದರೆ ಮೊದಲ ಕೆಲಸ ಚಿಮಣಿಯ ಪರೀಕ್ಷೆ. ಗೂಡಿನಲ್ಲಿ ಊದುಬತ್ತಿ ಹಚ್ಚಿಟ್ಟಾಗ ಹೊಗೆ ನೇರವಾಗಿ ಮೇಲೇರದೆ ಕೋಣೆಯತ್ತ ತಿರುಗಿದರೆ ಚಿಮಣಿ ಎಳೆಯುತ್ತಿಲ್ಲವೆಂದು ತಿಳಿಯಬೇಕು. ಹೊಗೆ ಮೇಲೇರಿದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಒಳಗಿನ ಗಾರೆ ಬಿರುಕು ಬಿಟ್ಟಿದ್ದರೆ ಹೊಗೆ ಪಕ್ಕದ ಕೋಣೆಗೆ ನುಸುಳಬಹುದು. ಆದುದರಿಂದ ಬಲ್ಲ ಗಾರೆಯವರಿಂದ ಒಳಭಾಗವನ್ನು ನೋಡಿಸಿ, ಕಸ ತೆಗೆಸಬೇಕು. ಚಿಮಣಿಯ ಬುಡದಲ್ಲಿ ತೆರೆದು ಮುಚ್ಚುವ ಕಬ್ಬಿಣದ ತಗಡು ಇದ್ದಲ್ಲಿ, ಅದು ಎಂದಿಗೂ ಪೂರ್ತಿ ಮುಚ್ಚಿಕೊಳ್ಳದಂತೆ ಬಿಗಿಯುವುದು ಕಡ್ಡಾಯ. ಸೌದೆಯ ಬೆಂಕಿಯಾದರೆ ತಗಡು ಮುಚ್ಚಿರುವುದನ್ನು ಹೊಗೆಯೇ ತಿಳಿಸುತ್ತದೆ, ಅನಿಲ ಹಾಗೆ ತಿಳಿಸುವುದಿಲ್ಲ. ಚಿಮಣಿಯನ್ನು ದುರಸ್ತಿ ಮಾಡಿಸಲಾಗದಿದ್ದರೆ ಈ ಬಗೆಯ ಕೊರಡಿನ ಮಾತನ್ನೇ ಬಿಡುವುದು ಲೇಸು.

ಇಂಧನ

ಅನಿಲ ಕೊರಡು ನೈಸರ್ಗಿಕ ಅನಿಲಕ್ಕೋ ದ್ರವೀಕೃತ ಪೆಟ್ರೋಲಿಯಂ ಅನಿಲಕ್ಕೋ, ಅಂದರೆ ಎಲ್‌ಪಿಜಿಗೋ, ಹೊಂದಿಸಲ್ಪಟ್ಟಿರುತ್ತದೆ. ಎರಡರ ಒತ್ತಡವೂ ಬರ್ನರಿನ ರಂಧ್ರದ ಅಳತೆಯೂ ಬೇರೆ. ಒಂದಕ್ಕಾಗಿ ತಯಾರಾದುದನ್ನು ಇನ್ನೊಂದಕ್ಕೆ ಹಾಗೆಯೇ ಜೋಡಿಸಬಾರದು. ವಿದೇಶದಲ್ಲಿರುವ ಬಂಧುಗಳು ಕಳುಹಿಸಿದ ಸಾಧನಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅಮೆರಿಕದ ನಿಯಮಗಳು 2,000 ಅಡಿಗಿಂತ ಎತ್ತರದ ಊರುಗಳಲ್ಲಿ ಬರ್ನರಿನ ಶಕ್ತಿಯನ್ನು ತಗ್ಗಿಸಲು ಸೂಚಿಸುತ್ತವೆ. ಗಣಿ ಪ್ರದೇಶ ಸುಮಾರು 2,800 ಅಡಿ ಎತ್ತರದಲ್ಲಿದೆ.

ಬಂಗಾರಪೇಟೆಯಲ್ಲಾಗಲಿ ಗಣಿ ಪ್ರದೇಶದಲ್ಲಾಗಲಿ ಸಾಮಾನ್ಯವಾಗಿ ದೊರಕುವುದು ಸಿಲಿಂಡರಿನ ಎಲ್‌ಪಿಜಿ. ಇಲ್ಲಿ ಲೆಕ್ಕ ಮುಖ್ಯವಾಗುತ್ತದೆ. ಒಂದು ಕಿಲೋಗ್ರಾಂ ಎಲ್‌ಪಿಜಿಯಲ್ಲಿ ಸುಮಾರು 12.7 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಹಾಗಾಗಿ 14.2 ಕಿಲೋಗ್ರಾಂನ ಮನೆಬಳಕೆಯ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಆಯಿತು. ಗಂಟೆಗೆ 60,000 ಬಿಟಿಯು ಶಕ್ತಿಯ ಚಿಮಣಿ ಸಹಿತ ಕೊರಡು ಸುಮಾರು 17.6 ಕಿಲೋವಾಟ್‌ಗೆ ಸಮ. ಅದು ಗಂಟೆಗೆ 1.4 ಕಿಲೋಗ್ರಾಂನಷ್ಟು ಅನಿಲವನ್ನು ನುಂಗಿ, ತುಂಬಿದ ಸಿಲಿಂಡರನ್ನು ಸುಮಾರು 10 ಗಂಟೆಗಳಲ್ಲಿ ಬರಿದು ಮಾಡುತ್ತದೆ. ದಿನಕ್ಕೆ ಎರಡು ಗಂಟೆ ಉರಿಸಿದರೆ ಐದು ಸಂಜೆಗಳಿಗೇ ಅದು ಮುಗಿಯಿತು. 30,000 ಬಿಟಿಯುವಿನ ಚಿಮಣಿ ರಹಿತ ಕೊರಡಿಗಾದರೆ 20 ಗಂಟೆ. ಇಷ್ಟು ವೇಗವಾಗಿ ಎಳೆದಾಗ ಒಳಗಿನ ದ್ರವ ಆವಿಯಾಗುತ್ತಾ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಇಳಿದು ಜ್ವಾಲೆ ಕುಗ್ಗುತ್ತದೆ. ಒಂದೇ ಸಿಲಿಂಡರಿನಿಂದ ದೊಡ್ಡ ಕೊರಡನ್ನು ನಡೆಸಲಾಗದು. ಮನೆಬಳಕೆಯ ಸಂಪರ್ಕವನ್ನು ನೀಡುವುದು ಅಡುಗೆಗಾಗಿ. ಬೇರೆ ಬಳಕೆಯ ಬಗ್ಗೆ ವಿತರಕರಲ್ಲಿ ವಿಚಾರಿಸಿ, 19 ಕಿಲೋಗ್ರಾಂನ ವಾಣಿಜ್ಯ ಸಿಲಿಂಡರಿನ ಬೆಲೆಯಲ್ಲೇ ಖರ್ಚನ್ನು ಅಂದಾಜಿಸಬೇಕು.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮಟ್ಟದಲ್ಲಿ, ಅಗ್ಗಿಷ್ಟಿಕೆಯ ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಮೇಲಿನ ಕಿಟಕಿ ತೆರೆದರೆ ಸಾಲದು. ಆದ್ದರಿಂದ ಎಲ್‌ಪಿಜಿ ಕೊರಡಿನಲ್ಲಿ ಜ್ವಾಲೆ ಆರಿದೊಡನೆ ಅನಿಲವನ್ನು ನಿಲ್ಲಿಸುವ ಸುರಕ್ಷಾ ಕವಾಟ ಇರಲೇಬೇಕು. ಬರಿಯ ಬೆಂಕಿಕಡ್ಡಿಯಿಂದ ಹಚ್ಚುವ, ಕವಾಟವಿಲ್ಲದ ಅಗ್ಗದ ಬಗೆಯನ್ನು ಕೊಳ್ಳಬಾರದು. ಅನಿಲ ಸೋರಿಕೆಯ ಎಚ್ಚರಿಕೆ ಗಂಟೆಯನ್ನು ನೆಲಕ್ಕೆ ಸಮೀಪವಾಗಿಯೂ ಕಾರ್ಬನ್ ಮಾನಾಕ್ಸೈಡಿನದನ್ನು ಉಸಿರಾಟದ ಎತ್ತರದಲ್ಲಿಯೂ ಅಳವಡಿಸುತ್ತಾರೆ. ಒಂದು ಇನ್ನೊಂದರ ಕೆಲಸವನ್ನು ಮಾಡದು.

ಅಳತೆ ಮತ್ತು ಜೋಡಣೆ

ಗೂಡಿನ ಮುಂಭಾಗದ ಅಗಲ, ಹಿಂಭಾಗದ ಅಗಲ, ಆಳ, ಎತ್ತರ ಈ ನಾಲ್ಕನ್ನೂ ಅಳೆಯಬೇಕು. ಹಳೆಯ ಗೂಡುಗಳು ಹಿಂದಕ್ಕೆ ಹೋದಂತೆ ಕಿರಿದಾಗುವುದರಿಂದ ಮುಂದಿನ ಅಗಲವನ್ನು ಮಾತ್ರ ನಂಬಿ ತಂದ ಕೊರಡು ಒಳಗೆ ಕೂರುವುದಿಲ್ಲ. ಕಲ್ಲಿದ್ದಲಿಗಾಗಿ ಕಟ್ಟಿದ ಗೂಡು ಆಳವಿಲ್ಲದ್ದು. ಅದಕ್ಕೆ ಕೊರಡಿಗಿಂತ ಕಲ್ಲಿದ್ದಲಿನ ಆಕಾರದ ಅನಿಲ ಸಾಧನವೇ ಒಪ್ಪುತ್ತದೆ.

ಕೊರಡುಗಳನ್ನು ತಯಾರಕರ ನಕ್ಷೆಯಲ್ಲಿರುವಂತೆಯೇ ಜೋಡಿಸಬೇಕು. ಚೆಂದಕ್ಕೆಂದು ಸ್ಥಾನ ಬದಲಿಸಿದರೆ ಜ್ವಾಲೆ ಕೊರಡಿಗೆ ತಾಗಿ ತಣಿದು ಮಸಿ ಕಟ್ಟುತ್ತದೆ. ಎಲ್‌ಪಿಜಿ ಬರ್ನರಿನ ತಟ್ಟೆಗೆ ವರ್ಮಿಕ್ಯುಲೈಟ್ ಎಂಬ ಹಗುರವಾದ ಖನಿಜದ ಹರಳನ್ನು ತುಂಬುತ್ತಾರೆ, ಮರಳನ್ನು ಬಳಸುವುದು ನೈಸರ್ಗಿಕ ಅನಿಲದ ತಟ್ಟೆಗೆ ಮಾತ್ರ. ಗೂಡಿನಲ್ಲಿ ಕಾಗದ, ಸೌದೆ, ಕಸ ಯಾವುದನ್ನೂ ಸುಡುವಂತಿಲ್ಲ. ವರ್ಷಕ್ಕೊಮ್ಮೆ, ಚಳಿಗಾಲದ ಮುನ್ನ, ಬರ್ನರಿನ ರಂಧ್ರಗಳಲ್ಲಿ ಜೇಡ ಬಲೆ ಕಟ್ಟಿದೆಯೇ ಎಂದು ನೋಡಿ, ಕೊಳವೆಯ ಸಂದುಗಳನ್ನು ಸಾಬೂನು ನೀರಿನಿಂದ ಪರೀಕ್ಷಿಸುತ್ತಾರೆ.

ವಿದ್ಯುತ್ ಬದಲಿ

ಚಿಮಣಿಯಿಲ್ಲದ ಬಂಗಾರಪೇಟೆಯ ಹೊಸ ಮನೆಗಳಿಗೆ ವಿದ್ಯುತ್ ಅಗ್ಗಿಷ್ಟಿಕೆ ಹೆಚ್ಚು ಯೋಗ್ಯ. ಇದರಲ್ಲಿ ಜ್ವಾಲೆ ಬೆಳಕಿನ ಆಟ ಮಾತ್ರ. ಶಾಖ 1 ರಿಂದ 2 ಕಿಲೋವಾಟ್‌ನ ಹೀಟರಿನದು, ಕೋಲಾರ ಸೀಮೆಯ ಚಳಿಗೆ ಅಷ್ಟು ಸಾಕು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲಿಗೆ ಹರಿದದ್ದು ಇದೇ ಗಣಿಗಳಿಗೆ, ಯಂತ್ರಗಳನ್ನು ನಡೆಸಲೆಂದು. ಹೀಟರಿಗೆ 16 ಆಂಪಿಯರಿನ ಸಾಕೆಟ್ಟೂ ಸರಿಯಾದ ಅರ್ತಿಂಗ್ ಸಂಪರ್ಕವೂ ಬೇಕು. ಹಳೆಯ ಬಂಗಲೆಯಾದರೆ ತಂತಿಗಳನ್ನು ಮೊದಲು ಬದಲಾಯಿಸಬೇಕಾಗಬಹುದು.